ಷರಾ

ಕೊಶಿತ್ಸೆ ಊರಿನ ಪಶುವೈದ್ಯ ಶಾಲೆಯ ನೆಲಮಾಳಿಗೆಯಲ್ಲಿ
ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ ಒಂದೇ:
ಎಳೆಯುವುದು.
ಎಳೆಯುವುದು ಅಂದರೆ ಯಂತ್ರ ಎಳೆಯುತ್ತದೆ,
ನಾನು ತಿರುಪು ಬಿಗಿದು, ಗುಂಡಿ ಒತ್ತಿ,
ಹರಿಯುವವರೆಗೂ ಕಾಯುತ್ತೇನೆ.

ಇವತ್ತಿನದು ನಲವತ್ತೊಂದನೆಯ ನಾಯಿ.
ಚೀಟಿಯಲ್ಲಿ ಹೆಸರಿರಬಾರದು, ನಿಯಮ.
ಆದರೂ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: ಬುಂದಾಶ್.
ಗಂಡು, ಹನ್ನೊಂದು ವರ್ಷ, ಬಿಳಿ, ಕುರಿಕಾವಲು,
ಲೆವೊಚಾ ಬೆಟ್ಟಗಳ ಆಚೆಯಿಂದ.

ನಿನ್ನೆ ಸಂಜೆಯೇ ಫ್ರೀಜರಿನಿಂದ ತೆಗೆದು
ಉಪ್ಪುನೀರಿನ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ,
ಕಲಸಿದ ಹಿಟ್ಟು ಒಣಗದಂತೆ ನನ್ನಜ್ಜಿ ಸುತ್ತಿಡುತ್ತಿದ್ದ ಹಾಗೆ.
ಬಿಚ್ಚಿದರೆ ಸೊಂಟ: ಒಂದು ಒರಳು, ಒಂದು ಗುಂಡು,
ನಡುವೆ, ಒರಳ ತಳದಿಂದ ಗುಂಡಿನ ನೆತ್ತಿಗೆ,
ಕಿರುಬೆರಳಿನ ಅರ್ಧದಷ್ಟು ಬಿಳಿಯ ಕಟ್ಟು.
ಇಷ್ಟೇ.
ಬೆಟ್ಟ ಏರಿದ್ದು, ಹಳ್ಳ ಹಾರಿದ್ದು, ತೋಳದ ಬೆನ್ನುಹತ್ತಿ
ಬೆಳಗಿನ ಜಾವ ಕಿವಿ ಹರಿದುಕೊಂಡು ಬಂದದ್ದು,
ಎಲ್ಲಕ್ಕೂ ಒಳಗೆ ಕೂತು ಇದೊಂದೇ ಸಾಕ್ಷಿ.

ಮೊದಲು ಎಡಗಾಲು.
ಹತ್ತು ಸಲ ಹಗುರಾಗಿ ಎಳೆದು ಬಿಡಬೇಕು, ಮೈ ಪಳಗಲಿ ಎಂದು.
ಆಮೇಲೆ ನಿಜ.
ತೆರೆಯ ಮೇಲೆ ಗೆರೆ ಮೊದಮೊದಲು ಮಲಗಿಯೇ ತೆವಳುತ್ತದೆ
(ಸುರುಳಿ ಎಳೆಗಳು ಆಕಳಿಸಿ ನೆಟ್ಟಗಾಗುವ ಹೊತ್ತು ಅದು)
ಆಮೇಲೆ ಏರುತ್ತದೆ, ಏಣಿ ಇಟ್ಟ ಹಾಗೆ.
ಮುನ್ನೂರು. ಮುನ್ನೂರೈವತ್ತು.
ನಾನೂರರಾಚೆ ಒಂದು ಎಳೆ ಚಿಟ್ ಎಂದಿತು,
ಇನ್ನೊಂದು,
ನಾನೂರ ಹನ್ನೆರಡು ನ್ಯೂಟನ್ನಿಗೆ
ಕಟ್ಟು ಹರಿಯಲಿಲ್ಲ, ಮೂಳೆಯ ಚೂರನ್ನೇ ಕಿತ್ತುಕೊಂಡು ಬಂತು.
ಈ ಮುದುಕನಿಗಾ, ಎಂದು ಡಾಕ್ಟರ್ ಕ್ರಾಯ್ನ್ಯಾಕ್ ಹುಬ್ಬೇರಿಸಿದರು.

ಬಲಗಾಲು. ಹೆಸರಿಗಷ್ಟೇ ಬಲ.
ಒರಳು ಒರಳಾಗಿರಲಿಲ್ಲ, ತಟ್ಟೆಯಾಗಿತ್ತು,
ಗುಂಡು ಸವೆದು ಅಣಬೆಯ ತಲೆ.
ಕಟ್ಟು ಊದಿಕೊಂಡು ಎಡದ್ದಕ್ಕಿಂತ ದಪ್ಪ.
ದಪ್ಪ ಕಂಡು ಮೋಸಹೋಗಬಾರದು, ಕೊಳೆತ ಹಗ್ಗವೂ ದಪ್ಪವೇ.
ಎಂಬತ್ತೆಂಟಕ್ಕೆ ಬಿಟ್ಟುಕೊಟ್ಟಿತು.
ಸದ್ದೇ ಇಲ್ಲ. ಒದ್ದೆ ಕಾಗದ.

ಊಟದ ಹೊತ್ತಿಗೆ ಫೋನು.
"ಗೆಯ್ಜಾ ಅಂತ. ನಾಯಿ ಕೊಟ್ಟವನು.
ಒಂದೇ ಮಾತು ಕೇಳಬೇಕಿತ್ತು.
ಕೊನೆಯ ಎರಡು ಬೇಸಿಗೆ ಅವನು ದಾರಿಯಲ್ಲೇ ಕೂತುಬಿಡುತ್ತಿದ್ದ.
ಅಳಿಯ ಅಂದ, ಸೋಮಾರಿ, ನಾಟಕ, ತಿಂದ ಕೊಬ್ಬು.
ನಾನೂ ಒಂದು ದಿನ..."
ಆ ಕಡೆ ಕುರಿಗಳ ಗಂಟೆ ಮಾತ್ರ.
"ನಾನೂ ಒಂದು ದಿನ ಕೋಲಿನಿಂದ ಎಬ್ಬಿಸಿದೆ."

ಉತ್ತರ ಕೊಡುವುದು ನನ್ನ ಕೆಲಸವಲ್ಲ.
ಎಡಕ್ಕೆ ನಾನೂರ ಹನ್ನೆರಡು, ಬಲಕ್ಕೆ ಎಂಬತ್ತೆಂಟು, ಅಂದೆ.
"ಅದು ಕೇಜಿಯಲ್ಲಿ ಎಷ್ಟಮ್ಮಾ?"
ಬ್ರೆಡ್ಡು ಸುತ್ತಿದ ಕಾಗದದ ಮೇಲೆ ಭಾಗಿಸಿದೆ.
ಎಡದ್ದು ನಲವತ್ತೆರಡು.
"ವರ್ಷದ ಟಗರು," ಅಂದ.
ಬಲದ್ದು ಒಂಬತ್ತು.
ತುಸು ಹೊತ್ತು ಬಿಟ್ಟು, "ಮೂರು ವಾರದ ಮರಿ.
ಒಂದೇ ಕೈಲಿ ಎತ್ತಿ ಬಗಲಿಗೆ ಹಾಕ್ಕೋತೀನಿ ನಾನು."

ಆ ಕಾಲನ್ನು ಇಟ್ಟುಕೊಂಡು ಎರಡು ಬೇಸಿಗೆ
ಬೆಟ್ಟ ಹತ್ತಿದ್ದಾನೆ, ಅಂದೆ.
ಭಾರವನ್ನೆಲ್ಲ ಎಡಕ್ಕೆ ವಾಲಿಸಿ.
ಎಡದ್ದು ಹಾಗೆ ಗಟ್ಟಿಯಾದದ್ದು ಅದರಿಂದಲೇ ಇರಬೇಕು,
ಇರಲಿಕ್ಕಿಲ್ಲ ಕೂಡ, ನನಗೆ ಗೊತ್ತಿಲ್ಲ,
ನಲವತ್ತೊಂದು ನಾಯಿಗಳಿಂದ ಅಷ್ಟೆಲ್ಲ ಹೇಳಲಾಗದು.
ಅವನೇ ಫೋನಿಟ್ಟನೋ, ಬೆಟ್ಟದಲ್ಲಿ ಸಿಗ್ನಲ್ ಹೋಯಿತೋ.

ಸಂಜೆ ಹಿಡಿಕೆಗಳ ತಿರುಪು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು
ಪಟ್ಟಿ ತುಂಬಿಸಿದೆ: ಉದ್ದ, ಅಡ್ಡಳತೆ, ತಡೆದ ಭಾರ, ಹರಿದ ಜಾಗ.
ಕೊನೆಯ ಅಂಕಣ ಷರಾ.
ಹತ್ತೊಂಬತ್ತು ವರ್ಷ ಅಲ್ಲಿ ಅಡ್ಡಗೆರೆ ಎಳೆದವಳು
ಇವತ್ತು ಬರೆದೆ: ಸೋಮಾರಿಯಲ್ಲ.

ಡಾಕ್ಟರ್ ಕ್ರಾಯ್ನ್ಯಾಕ್ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.
ಸರಿಯೇ. ಅದಕ್ಕೆ ಅಳತೆಯಿಲ್ಲ.
ಆದರೆ ಒಂದೇ ಗೆರೆ, ತೆಳ್ಳಗೆ,
ಕೆಳಗಿನದು ಓದಲು ಬರುವಷ್ಟು.