ಇದ್ದಿಲು ತೊಳೆದ ವರ್ಷ

ಇದ್ದಿಲಿನ ಗುಣ ನನ್ನನ್ನು ಕೇಳಿ.
ಮೂವತ್ತೊಂದು ವರ್ಷ ಕುಮಟೆಯ ಅಂಗಿಗಳ ಸುಕ್ಕು
ಇದರ ಬಿಸಿಯಲ್ಲೇ ಬಿಡಿಸಿದವನು.
ಕಲ್ಲಿಗೆ ಬಿದ್ದರೆ ಟಿಣ್ಣೆನ್ನಬೇಕು ಚಿಪ್ಪಿನ ಇದ್ದಿಲು;
ದಪ್ಪೆಂದರೆ ಒಳಗಿನ್ನೂ ಹಸಿ.
ಹೊತ್ತಿಗೆ ಸರಿಯಾಗಿ ನೀರು ಹೊಡೆಯದಿದ್ದರೆ ಬೂದಿ,
ಬೂದಿಯನ್ನು ಗಾಳಿ ಒಯ್ಯುತ್ತದೆ.
ಬೆಂದೂ ಬೂದಿಯಾಗದೆ ನಿಂತದ್ದು ಇದ್ದಿಲು:
ಇದ್ದೂ ಇಲ್ಲದ್ದು,
ಇಲ್ಲವಾದ ಮೇಲೂ ಇದ್ದದ್ದು.

ನಾನೂ ಕರೆಂಟಿನ ಪೆಟ್ಟಿಗೆಗೆ ಬದಲಾದ ಮೇಲೆ
ಮೂಲೆಯಲ್ಲಿ ಉಳಿಯಿತು ಹನ್ನೊಂದು ಚೀಲ ಪುಡಿ.
ತರಕಾರಿ ಮಾರಿ ಹಿಂತಿರುಗುತ್ತಿದ್ದ ಸೋಮಿ ಗೌಡ
ಖಾಲಿ ಬುಟ್ಟಿ ಇಳಿಸಿ ಕೇಳಿದಳು:
"ಆ ಮಸಿ ಚೀಲ ನಂಗೆ ಕೊಡಾ ತಮಾ, ಗದ್ದೆಗೆ ಹಾಕ್ತೆ."

ಅಳ್ವೆಕೋಡಿಯ ಅವಳ ಗದ್ದೆ ಮಣ್ಣಲ್ಲ, ಜರಡಿ.
ಬೆಳಿಗ್ಗೆ ಹೊಯ್ದ ಕೊಡ
ಮಧ್ಯಾಹ್ನದೊಳಗೆ ಸಮುದ್ರದ ಮನೆ ಸೇರಿರುತ್ತದೆ,
ಹೋಗುವಾಗ ಗೊಬ್ಬರದ ಸಾರವನ್ನೂ
ಉಡಿಯಲ್ಲಿ ಕಟ್ಟಿಕೊಂಡು.

ಮೊದಲ ವರ್ಷ ಐದು ಚೀಲ ಒಣ ಪುಡಿಯನ್ನೇ ಬೆರೆಸಿದಳು.
ಪುಷ್ಯ ಮಾಸದಲ್ಲಿ ಈರುಳ್ಳಿ ಗರಿಯ ತುದಿಯೆಲ್ಲ ಹಳದಿ.
ಬದುವಿನಾಚೆಯ ದೇವು, "ಗದ್ದೆಗೇ ಕೊಳ್ಳಿ ಇಟ್ಟಳು" ಅಂದ.
ಸುಡುಗಾಡಿನ ಇದ್ದಿಲಿರಬೇಕು ಅಂದ ಇನ್ನೊಬ್ಬ.
ನಾನು ಹದಿನೈದು ದಿನ ಆ ದಾರಿ ಬಿಟ್ಟು
ಮೀನುಪೇಟೆ ಸುತ್ತಿ ಮನೆಗೆ ಹೋದೆ.

ಸೋಮಿ ಬೈಯಲಿಲ್ಲ. ಒಂದು ಚೂರು ಮುರಿದು
ನಾಲಿಗೆಯ ಮೇಲಿಟ್ಟಳು. ಅಂಟಿಕೊಂಡಿತು.
"ನೋಡು, ಇದ್ರ ಮೈಯೆಲ್ಲ ಬಾಯಿ.
ಹಸ್ದವ್ರನ್ನ ಅಡುಗೆಮನೆಗೆ ಬಿಟ್ಟದ್ದು ನಂದೇ ತಪ್ಪು.
ಮಕ್ಕಳ ಅನ್ನ ಎಲ್ಲಾ ಅದೇ ತಿಂತು."

ಇದ್ದಿಲು ತೊಳೆದರೆ ಬೆಳ್ಳಗಾದೀತೇ, ಅನ್ನುತ್ತಾರೆ.
ಬೆಳ್ಳಗೆ ಮಾಡುವುದು ನನ್ನ ಕಸುಬು, ಅವಳದ್ದಲ್ಲ.
ಮಳೆ ಹಿಂದೆ ಸರಿದದ್ದೇ
ಒಡೆದ ದೋಣಿಯೊಂದರ ಹೊಟ್ಟೆಗೆ ಸಿಮೆಂಟು ಮೆತ್ತಿ
ಗಂಜಲ, ಸಗಣಿ ನೀರು, ಬಂಗಡೆ ತೊಳೆದ ನೀರು ತುಂಬಿ
ಉಳಿದ ಆರು ಚೀಲ ಅದರೊಳಗೆ ಸುರಿದಳು.
ನಾಲ್ಕು ವಾರ ನೆನೆಯಿತು.
ವಾಸನೆಗೆ ನಾಯಿಗಳು ಬಂದವು. ದೇವುವೂ ಬಂದ.

ಮಡಿ ಅಂದರೆ ನನಗೆ ಒಗೆದು ಮಡಚಿದ ಬಟ್ಟೆ,
ಅವಳಿಗೆ ಮಣ್ಣಿನ ಪಾತಿ.
ಹನ್ನೆರಡು ಮಡಿ: ಆರಕ್ಕೆ ಕಪ್ಪು, ಆರಕ್ಕೆ ಬರೀ ಗೊಬ್ಬರ,
ನಡುವೆ ಗುರುತಿಗೊಂದು ತೆಂಗಿನ ಹೆಡೆ.
ಕೊಡ ಎಣಿಸುವ ಕೆಲಸ ನನಗೆ.
ಮಾಘ ಕಳೆಯುವಷ್ಟರಲ್ಲಿ
ಕಪ್ಪು ಮಡಿಗೆ ಸಂಜೆಯ ಕೊಡ ಬೇಡವಾಯಿತು.
ಬೆರಳೂರಿದರೆ ತಂಪು, ಒಳಗೆ
ಯಾರೋ ಬಾಯಲ್ಲಿ ನೀರು ಹಿಡಿದು ಕೂತ ಹಾಗೆ.
ಒಂದು ಎರೆಹುಳ.
ಆ ಮರಳಲ್ಲಿ ನಾನು ಕಂಡ ಮೊದಲನೆಯದು.
ಸೋಮಿ ಮೊಣಕಾಲೂರಿ ಅದನ್ನು ನೋಡಿ ನಕ್ಕಳು,
ನೆಂಟರನ್ನು ಕಂಡಂತೆ.

ಪವಾಡ ಅನ್ನಬೇಡಿ.
ಅಳಿವೆಯ ಉಪ್ಪು ಹತ್ತಿದ ಮೂಲೆ ಮಡಿ
ಕಪ್ಪು ಉಂಡರೂ ಬೋಳಾಗಿಯೇ ಇದೆ.
ಹೋಳಿಯ ನಂತರ ಕಿತ್ತು, ಒಣಗಿಸಿ, ಜಡೆ ಹೆಣೆದಾಗ
ಕಪ್ಪಿನದ್ದು ಹದಿನೇಳು ಜಡೆ, ಬರೀ ಗೊಬ್ಬರದ್ದು ಹದಿನಾಲ್ಕು.
ಮೂರು ಜಡೆ. ಅಷ್ಟೇ ಲೆಕ್ಕ.
ಅಷ್ಟಕ್ಕೇ ದೇವು ಮನೆಮನೆಗೆ ಚಿಪ್ಪು ಬೇಡತೊಡಗಿದ್ದಾನೆ.

"ಮುಂದಿನ ವರ್ಷ ಅದೇ ಮಡಿಗೆ ಮತ್ತೆ ಹಾಕಬೇಕಾ?" ಅಂದೆ.
"ಗೊಬ್ಬರ ಹಾಕುದೇ. ಇದು ಎಲ್ಲಿಗೂ ಹೋಗುದಿಲ್ಲ.
ಹೋಗುದು ನಾನು, ನೀನು."

ಒಂದು ಜಡೆ ಈಗ ನನ್ನ ಅಂಗಡಿಯ ಮೊಳೆಗೆ,
ತಣ್ಣಗಾದ ಹಿತ್ತಾಳೆ ಪೆಟ್ಟಿಗೆಯ ಪಕ್ಕ.
ನಾಡಕರ್ಣಿ ಮೇಷ್ಟ್ರು ಅಂಗಿ ಮೂಸಿ,
"ಈರುಳ್ಳಿ ನಾತ" ಅಂದರು;
ತೋಳಿನ ಮೇಲಿನ ಕಪ್ಪು ಬೆರಳಚ್ಚನ್ನೂ ತೋರಿಸಿದರು.
ಇಷ್ಟು ವರ್ಷಕ್ಕೆ ನನ್ನ ಕೈಯ ಮೊದಲ ಕಲೆ.
ತೊಳೆದುಕೊಡುತ್ತೇನೆ ಅಂದೆ.

ಇನ್ನೂ ತೊಳೆದಿಲ್ಲ.