ಪೆಡ್ನೇಕರರ ಮೂಗು

ಒಂಬತ್ತೂ ಮುಕ್ಕಾಲು. ಬಲ್ಲಾರ್ಡ್ ಎಸ್ಟೇಟಿನ ನಮ್ಮ ಲಿಫ್ಟು
ಇವತ್ತೂ ಎರಡನೇ ಮಹಡಿಯಲ್ಲಿ ನಿಂತು ಯೋಚಿಸುತ್ತದೆ.
ಬಬನ್ ಚಹಾ ಇಟ್ಟು ಹೋಗುತ್ತಾನೆ.
ನಾನು ನನ್ನ ಆರು ಜನರನ್ನು ಎಬ್ಬಿಸುತ್ತೇನೆ.

ಜನ ಅಂದೆ. ಪರದೆಯ ಮೇಲೆ ಆರು ಪುಟ್ಟ ಚೌಕ, ಅಷ್ಟೆ.
ಒಬ್ಬ ಪತ್ರ ಬರೆಯುವವ,
ಬೈಯುವಾಗಲೂ ‘ವಿನಮ್ರವಾಗಿ’ ಬಿಡದವ.
ಒಬ್ಬಳು ಲೆಕ್ಕದವಳು, ಪೈಸೆ ತಪ್ಪಿದರೆ ಕೆಂಪಾಗುತ್ತಾಳೆ.
ಒಬ್ಬ ಕಾನೂನು. ಇನ್ನೊಬ್ಬ ಬರೀ ಅಡ್ಡ ಪ್ರಶ್ನೆಗೆ,
ಅವನನ್ನು ಶನಿವಾರ ಮುಚ್ಚಿಡುತ್ತೇನೆ.
ಹಮಾಲರ ಹೇಳಿಕೆ ಬಂದರೆ
ಮರಾಠಿಯಿಂದ ಇಂಗ್ಲಿಷಿಗೆ ದಾಟಿಸಲು ಒಬ್ಬ.
ಆರನೆಯವನು ಸರ್ವೇಯರ್.

ಪಾತ್ರ ಬರೆದುಕೊಟ್ಟವಳು ನಾನೇ.
‘ಇಪ್ಪತ್ತಾರು ವರ್ಷ ಎಲ್ಲರ ವರದಿ ಟೈಪು ಮಾಡಿದವಳು ನೀನು,
ನಿನಗಲ್ಲದೆ ಯಾರಿಗೆ ಗೊತ್ತು?’ ಅಂದಿದ್ದರು ಮೆಹರ್ನೋಶ್ ಮೇಡಂ.
ಸರಿ, ಟೈಪು ಮಾಡಿದೆ:

ನೀನು ಹಡಗಿನ ಸರಕಿನ ಸರ್ವೇಯರ್. ಮೂವತ್ತು ವರ್ಷದ ಅನುಭವ.
ಮಾತು ಕಡಿಮೆ. ಯಾರ ಮುಲಾಜೂ ಇಲ್ಲ.
ಚೀಲ ಒದ್ದೆ ಅಂದರೆ ಯಾವ ನೀರು ಅಂತ ಮೊದಲು ಕೇಳು.
ಮಳೆಯದೋ ಕಡಲಿನದೋ ಬೆವರಿನದೋ.
ಕಂಟೇನರೂ ಬೆವರುತ್ತದೆ.

ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು.
ಇದು ಪೆಡ್ನೇಕರರ ಮಾತು.
ಸಾವಂತವಾಡಿಯ ಪೆಡ್ನೇಕರ್, ಒಂದು ಕಿವಿ ಮಂದ,
ಅಕ್ಕಿ ಮೂಟೆಗೆ ಮೂಗಿಟ್ಟು
‘ನಾಲ್ಕು ದಿನ. ಐದಲ್ಲ’ ಅಂದುಬಿಡುತ್ತಿದ್ದರು.
ಸಿಲ್ವರ್ ನೈಟ್ರೇಟಿನ ಬಾಟಲಿ ಆಮೇಲೆ ಹೊರಗೆ ಬರುವುದು,
ಹನಿ ಬಿದ್ದು ಹಾಲಿನ ಹಾಗೆ ಬೆಳ್ಳಗಾದರೆ ಕಡಲು.
ಬಾಟಲಿ ಆ ಮೂಗನ್ನು ಯಾವತ್ತೂ ಸುಳ್ಳು ಮಾಡಲಿಲ್ಲ
ಎನ್ನುವುದು ಆಫೀಸಿನ ನಂಬಿಕೆ.
ಎರಡು ಸಲ ಮಾಡಿತ್ತು.
ಆ ಎರಡೂ ವರದಿ ಟೈಪು ಮಾಡಿದವಳು ನಾನು.

ಇವತ್ತಿನದು ನ್ಹಾವಾ ಶೇವಾದ ಫೈಲು.
ದಾರೆಸ್ಸಲಾಮಿನ ತೊಗರಿ, ಇನ್ನೂರ ಹನ್ನೆರಡು ಚೀಲ ಒದ್ದೆ,
ಹದಿನಾಲ್ಕು ಫೋಟೋ.
ಚಹಾ ಆರುವ ಮೊದಲೇ ವರದಿ ಬಂತು:
‘ಸಮುದ್ರದ ನೀರಿನಿಂದಾದ ಹಾನಿ ಸ್ಪಷ್ಟ.’
ಎಂಥ ಭಾಷೆ! ಒಂದು ಅಲ್ಪವಿರಾಮವೂ ಬೆವತಿಲ್ಲ.
ಮೂಸಿ ನೋಡಿದೆಯಾ? ಅಂತ ಕೇಳಿದೆ, ಸುಮ್ಮನೆ.
‘ಕ್ಷಮಿಸಿ, ನೀವು ಹೇಳುವುದು ಸರಿ.
ಮಳೆ ನೀರಿನ ಹಾನಿಯೇ ಸ್ಪಷ್ಟ.’

ಮುಲಾಜಿಲ್ಲ ಅಂತ ಬರೆದುಕೊಟ್ಟಿದ್ದೆನಲ್ಲೋ!

ಬೈಯಲು ಹೋದವಳಿಗೆ ನಾಲಿಗೆ ಬರಲಿಲ್ಲ.
ವಡಾಳಾದ ಮುನ್ಸಿಪಾಲ್ಟಿ ಕನ್ನಡ ಶಾಲೆಯವಳು ನಾನು,
ಗೊತ್ತಿಲ್ಲ ಅಂದವರು ಬೆಂಚಿನ ಮೇಲೆ ನಿಲ್ಲಬೇಕಿತ್ತು ಅಲ್ಲಿ.
ಇಲ್ಲಿಗೆ ಬಂದ ಮೇಲೂ ಆ ಪದ ಆಡಿದವಳಲ್ಲ.
ನೋಡ್ತೀನಿ ಸರ್. ಆಗುತ್ತೆ ಮೇಡಂ. ಸಂಜೆಯೊಳಗೆ.
ನನ್ನ ನೇಮಕದ ಕಾಗದದಲ್ಲೂ ಇದ್ದದ್ದು ಒಂದೇ ಸಾಲು:
‘ಟೈಪಿಂಗ್, ಮತ್ತು ಹೇಳಿದ ಇತರ ಕೆಲಸ.’

ಪಾತ್ರದ ತುದಿಗೆ ಇನ್ನೊಂದು ಸಾಲು ಸೇರಿಸಿದೆ.
ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು.
ಮತ್ತೆ ಕೇಳಿದೆ.

‘ಗೊತ್ತಿಲ್ಲ. ಫೋಟೋದಿಂದ ಹೇಳಲಾಗದು.
ಯಾರನ್ನಾದರೂ ಕಳಿಸಿ.’

ಯಾರನ್ನು ಕಳಿಸಲಿ. ಹೊಸ ಹುಡುಗ ಕಾಂಡ್ಲಾದಲ್ಲಿ,
ಪೆಡ್ನೇಕರರು ಗೋಡೆಯ ಮೇಲೆ, ಹಾರ ಬದಲಿಸಬೇಕು.
ಅವರ ಡ್ರಾಯರಿನಲ್ಲಿ ಬಾಟಲಿ ಇನ್ನೂ ಅರ್ಧ ಇತ್ತು.

ಭಾವೂಚಾ ಧಕ್ಕಾದಿಂದ ಲಾಂಚು, ಬೊಂಬಿಲಿನ ಬುಟ್ಟಿಗಳ ನಡುವೆ ನಾನು,
ಮೋರಾದಿಂದ ರಿಕ್ಷಾ.
ಗೋದಾಮಿನಲ್ಲಿ ಮುಕಾದಮ ಚೀಲದ ಹೊಲಿಗೆ ಬಿಚ್ಚಿದ.
ಬಾಗಿದೆ. ಮೂಗಿಟ್ಟೆ.
ಗೋಣಿ, ಧೂಳು, ನನ್ನದೇ ಪೌಡರು,
ಹಿಂದೆ ಎಲ್ಲೋ ಒಂದು ಹುಳಿ.
ತಲೆ ಎತ್ತಿ ಜೋರಾಗಿಯೇ ಅಂದೆ, ಕನ್ನಡದಲ್ಲಿ:
‘ಗೊತ್ತಿಲ್ಲ ಮಾರಾಯ.’

ಅವನಿಗೆ ಏನು ತಿಳಿಯಿತೋ,
‘ಥಾಂಬಾ ಬಾಯಿ’ ಅಂತ ಒಳಗೆ ಹೋಗಿ
ಇನ್ನೊಂದು ಚೀಲ ಹೊತ್ತು ತಂದ.