ಸಿಸಿ ಲೆಕ್ಕ

ಸಿಸಿ ನನಗೆ ಹೊಸ ಮಾತಲ್ಲ.
ಅಮ್ಮತ್ತಿಯ ಪಶು ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ
ಕರುವಿಗೆ ಎರಡು, ಹಸುವಿಗೆ ಹತ್ತು,
ಮೊದಲು ಕಣ್ಣಲ್ಲಿ ತೂಗಿ, ಆಮೇಲೆ ಸೂಜಿಯಲ್ಲಿ ಎಳೆದು
ಸಂಬಳ ತಿಂದವಳು.

ಅದಕ್ಕೇ ಗೋಣಿಕೊಪ್ಪದ ಶೆಡ್ಡಿನಲ್ಲಿ ಆಲಿಕುಟ್ಟಿ
ಬನೀನಿಗೆ ಕೈಯೊರೆಸುತ್ತ
"ಎಷ್ಟು ಸಿಸಿಯದ್ದು ಕೂರಿಸಲಿ ಡಾಕ್ಟ್ರೇ?" ಎಂದಾಗ
(ಡಾಕ್ಟರಲ್ಲ ನಾನು, ಇನ್ಸ್‌ಪೆಕ್ಟರು; ತಿದ್ದಿ ಸಾಕಾಗಿದೆ)
ಬಾಯಿಗೆ ಬಂದದ್ದು ಇಷ್ಟೇ:
"ರೋಗಿಯ ತೂಕ?"

ಹಿಂದಿನ ಸೀಟು ಕಿತ್ತು, ಕಂಬಿಯ ಪಂಜರ ಬೆಸೆದ
ಆ ಗಿಡ್ಡ ಕಾರನ್ನು ಕಾಫಿ ಕ್ಯೂರಿಂಗಿನವರ ವೇಬ್ರಿಜ್ಜಿಗೆ ಹತ್ತಿಸಿದೆವು.
ಚೀಟಿ ಬಂತು. ಸರಕು: ರೋಬಸ್ಟಾ ಚೆರಿ.
ತೂಕ: ಎಂಟುನೂರ ಅರವತ್ತು ಕಿಲೋ.
ಅಲ್ಲಿ ಬೇರೆ ಸರಕಿಗೆ ಹೆಸರೇ ಇಲ್ಲವಂತೆ.

ನೆಲಕ್ಕೆ ಗೋಣಿ ಹಾಸಿ ಮೂರು ಎಂಜಿನ್:
ಕಾರಿನ ಜೊತೆ ಹುಟ್ಟಿದ ಹನ್ನೆರಡುನೂರು,
ಮೈಸೂರಿನ ಗುಜರಿಯಿಂದ ಬಂದ ಹದಿನಾರುನೂರು,
ಸಾವಿರದ್ದೊಂದು, ಟರ್ಬೊ ಕಟ್ಟಿದ್ದು, ಕಣ್ಣೂರಿನದು.
ಬೆಳ್ಳಿಯಪ್ಪ, ಪಕ್ಕದಲ್ಲಿ ಕೂತು ತಿರುವು ಓದುವ ನನ್ನ ನ್ಯಾವಿಗೇಟರು,
ಹದಿನಾರುನೂರನ್ನು ಬೂಟಿನ ತುದಿಯಲ್ಲಿ ಮುಟ್ಟಿ
"ಇದೇ. ಇನ್ನು ಮಾತೇ ಇಲ್ಲ" ಎಂದ.
ಆಲಿಕುಟ್ಟಿಗೆ ಟರ್ಬೊ ಮೇಲೆ ಮನಸ್ಸು;
ಆದರೂ ನ್ಯಾಯಸ್ಥ. "ಒಂದೇ ತಕರಾರು.
ಕರೆದ ಕೂಡಲೇ ಬರಲ್ಲ.
ಚಪ್ಪಲಿ ಹುಡುಕಿ, ಮೆಟ್ಟಿ, ಆಮೇಲೆ ಓಡಿ ಬರುತ್ತೆ."

ಮಾಕುಟ್ಟದ ಘಾಟಿಯಲ್ಲಿ ಬೆಳಗ್ಗೆ ಐದೂವರೆಗೆ
ಹದಿನಾರುನೂರಿನ ಎರವಲು ಕಾರು.
ನೆಟ್ಟಗಿನ ದಾರಿಯಲ್ಲಿ ಬೆನ್ನು ಸೀಟಿಗೆ ಅಂಟಿ
ನಗು ತಡೆಯಲಾಗಲಿಲ್ಲ, ಸುಳ್ಳು ಹೇಳಲಾರೆ.
ತಿರುವಿನಲ್ಲಿ ಮಾತ್ರ
ಸ್ಟಿಯರಿಂಗ್ ನನ್ನ ಮಾತು ಕೇಳಿತು, ಮೂತಿ ಕೇಳಲಿಲ್ಲ.
ಮುಂಗಾಲ ಮೇಲೆ ಭಾರ ಬಿಟ್ಟ ಹೋರಿ
ಹಗ್ಗ ಜಗ್ಗಿದತ್ತ ಕತ್ತು ತಿರುಗಿಸಿ
ನಡೆದದ್ದು ತನ್ನ ದಾರಿಗೇ.
ಬೆಳ್ಳಿಯಪ್ಪ ಓದುವುದು ನಿಲ್ಲಿಸಿದ.
ಮೋರಿಯ ಕಲ್ಲು ಒಂದು ಗೇಣು ದೂರದಿಂದ
ನಮ್ಮನ್ನು ನೋಡಿತು.

ಆಗ ನೆನಪಾದದ್ದು ರಸ್ತೆಯಲ್ಲ.
ಕೆಲಸಕ್ಕೆ ಸೇರಿದ ಮೊದಲ ವರ್ಷ, ಚೋಮಿಯ ಮಣಕ.
ಕಾಲಿಗೆ ತಂತಿ ಹೊಕ್ಕಿತ್ತು, ಮಂಪರಿನ ಮದ್ದು ಬೇಕಿತ್ತು.
ಉಬ್ಬಿದ ಹೊಟ್ಟೆಯನ್ನೂ ಮಾಂಸವೆಂದು ಲೆಕ್ಕ ಹಿಡಿದು
ಅರ್ಧ ಸಿಸಿ ಹೆಚ್ಚು ಎಳೆದೆ.
ಬರೀ ಅರ್ಧ.
ಬೆಳಗ್ಗೆ ಮಲಗಿದ್ದು ಲೈನ್‌ಮನೆಯ ದೀಪ ಹತ್ತುವವರೆಗೂ ಏಳಲಿಲ್ಲ.
ಅದರ ತಲೆ ನನ್ನ ತೊಡೆಯ ಮೇಲೆ.
ಚೋಮಿ ಬೈಯಲಿಲ್ಲ, ಬೆಲ್ಲದ ಕಾಫಿ ತಂದಿಟ್ಟಳು;
ಕುಡಿಯುವುದೇ ಕಷ್ಟವಾಯಿತು.
ಏಳುವಾಗ ಮಣಕ ನನ್ನ ಎಡಪಾದ ತುಳಿಯಿತು.
ಹೆಬ್ಬೆರಳಿನ ಉಗುರು ಈಗಲೂ ಸೊಟ್ಟ.
ಕ್ಲಚ್ ಒತ್ತುವ ಕಾಲು ಅದು.

ಹೋಲಿಕೆ ಪೂರ್ತಿ ಸರಿಯಲ್ಲ, ಗೊತ್ತು.
ಸಿರಿಂಜಿನಿಂದ ಗಾಳಿಯ ಗುಳ್ಳೆಯನ್ನು ಹೊರಗೆ ತಳ್ಳಬೇಕು,
ಎಂಜಿನ್ನಿಗೆ ಗಾಳಿಯೇ ಅನ್ನ.
ಸಿಸಿ ಅಂದರೆ ಕಬ್ಬಿಣದ ಅಳತೆಯೂ ಅಲ್ಲ,
ಕಬ್ಬಿಣದ ನಡುವೆ ಬಿಟ್ಟ ಖಾಲಿಯ ಅಳತೆ.
ಎಷ್ಟು ಖಾಲಿ ಬೇಕು ಎಂದು ಕೇಳುತ್ತಿದ್ದ ಆಲಿಕುಟ್ಟಿ,
ಇಬ್ಬರಿಗೂ ಹೊಳೆಯದೆ.

"ಹನ್ನೆರಡುನೂರೇ ಇರಲಿ," ಎಂದೆ.
"ಹೆಡ್ಡು ಕೆತ್ತು, ಉಸಿರಿನ ದಾರಿ ನುಣುಪು ಮಾಡು,
ಗೇರುಗಳನ್ನು ಹತ್ತಿರ ಹತ್ತಿರ ಜೋಡಿಸು."
ಅರ್ಧ ನಿಮಿಷ ಸುಮ್ಮನಿದ್ದ.
"ಗೆಲ್ಲಲ್ಲ," ಎಂದ. ಸ್ಪ್ಯಾನರ್ ಎತ್ತಿಕೊಂಡ.

ಫೆಬ್ರವರಿ. ಕೊಯ್ಲು ಮುಗಿದ ತೋಟದ ಕೆಂಪು ದಾರಿ.
ತಿರುವುಗಳಲ್ಲಿ ಒಂಬತ್ತು ಸೆಕೆಂಡು ಉಳಿಸಿದೆ,
ಕಣದ ಪಕ್ಕದ ನೇರ ದಾರಿಯಲ್ಲಿ ಹನ್ನೊಂದು ಕಳೆದೆ.
ನಾಲ್ಕನೇ ಸ್ಥಾನ. ಬೆಳ್ಳಿಯಪ್ಪ ಎರಡು ದಿನ ಮಾತಾಡಲಿಲ್ಲ.

ಬಿಸಿ ಆರುವ ಮೊದಲೇ ಬಾನೆಟ್ಟಿನ ಮೇಲೆ
ಆಲಿಕುಟ್ಟಿ ಅಂಗೈ ಇಟ್ಟು ನಿಂತ, ಜ್ವರ ನೋಡುವವನ ಹಾಗೆ.
"ಬೋರು ಸ್ವಲ್ಪ ಕೆರೆದರೆ, ಮುಂದಿನ ವರ್ಷಕ್ಕೆ
ಇನ್ನೊಂದು ಐವತ್ತು ಸಿಸಿ ಸಿಗುತ್ತೆ ಡಾಕ್ಟ್ರೇ."

ಐವತ್ತು. ದೊಡ್ಡ ಸಿರಿಂಜೊಂದರ ತುಂಬ.
ಬೂಟಿನೊಳಗೆ ಉಗುರು ನೋಯುತ್ತಿತ್ತು.
ಮತ್ತೆ ತೂಗೋಣ, ಎಂದೆ.